ಅರ ಹಿಡಿದ ಕೈಗೆ ಬೆಲೆ ಎಷ್ಟು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮನೆಮನೆಯಲ್ಲೂ ಒಂದೇ ಚರ್ಚೆ. ಸೈನ್ಸೋ, ಕಾಮರ್ಸೋ, ಆರ್ಟ್ಸೋ? ಅಂಕ ತೊಂಬತ್ತರ ಮೇಲಿದ್ದರೆ ಯಾವ ಕಾಲೇಜು? ಎಪ್ಪತ್ತರ ಆಸುಪಾಸಿನಲ್ಲಿದ್ದರೆ ಎಲ್ಲಿ ಸೀಟು ಸಿಕ್ಕೀತು? ಐವತ್ತಕ್ಕೂ ಕೆಳಗಿದ್ದರೆ ಮುಂದೇನು? ಈ ಕೊನೆಯ ಪ್ರಶ್ನೆ ಬಂದಾಗ ಮಾತ್ರ ನೆಂಟರಲ್ಲಿ ಯಾರಾದರೊಬ್ಬರು ದನಿ ತಗ್ಗಿಸಿ, 'ಐ.ಟಿ.ಐ.ಗಾದರೂ ಸೇರಿಸಿ' ಎನ್ನುತ್ತಾರೆ. ಆ 'ಆದರೂ' ಎಂಬ ಮಾತಿನಲ್ಲಿ ಕೈಕೆಲಸದ ಬಗ್ಗೆ ನಮ್ಮ ಸಮಾಜಕ್ಕಿರುವ ಭಾವನೆಯೆಲ್ಲ ಅಡಗಿದೆ.

ಅದೇ ವಾರ ಬೆಂಗಳೂರಿನ ಪೀಣ್ಯದಲ್ಲೋ, ಬೆಳಗಾವಿಯ ಉದ್ಯಮಬಾಗದಲ್ಲೋ ಒಂದು ಸುತ್ತು ಹಾಕಿದರೆ ಬೇರೊಂದು ನೋಟ ಕಾಣುತ್ತದೆ. ಕಾರ್ಖಾನೆಗಳ ಗೇಟಿನ ಮೇಲೆ ರಟ್ಟಿನ ಫಲಕಗಳು ತೂಗುತ್ತಿರುತ್ತವೆ: 'ಟರ್ನರ್ ಬೇಕಾಗಿದ್ದಾರೆ', 'ವೆಲ್ಡರ್ ಬೇಕಾಗಿದ್ದಾರೆ', 'ಸಿ.ಎನ್.ಸಿ. ಆಪರೇಟರ್ ಬೇಕಾಗಿದ್ದಾರೆ'. ಒಂದು ಕಡೆ ಪದವಿ ಪಡೆದು ಕೆಲಸವಿಲ್ಲದೆ ಅಲೆಯುವ ಯುವಕರು. ಇನ್ನೊಂದು ಕಡೆ ಕೆಲಸ ಬಲ್ಲವರಿಗಾಗಿ ಕಾಯುವ ಯಂತ್ರಗಳು. ಬೆಳೆಯುತ್ತಿರುವ ಯಾವ ದೇಶಕ್ಕಾದರೂ ಈ ಎರಡರ ನಡುವಿನ ಅಂತರವನ್ನು ತುಂಬುವುದೇ ದೊಡ್ಡ ಸವಾಲು. ಆ ಅಂತರ ಹುಟ್ಟಿದ್ದು ಹೇಗೆ, ಅದನ್ನು ತುಂಬಬೇಕಾದವರು ಯಾರು ಎಂಬುದನ್ನು ಪೋಷಕರೂ ವಿದ್ಯಾರ್ಥಿಗಳೂ ಕೂಡಿ ಯೋಚಿಸುವುದು ಒಳ್ಳೆಯದು.

ಅರದ ಪಾಠ

ಕುಶಲತೆ ಎಂದರೇನು? ಇದಕ್ಕೆ ಉತ್ತರ ಬೇಕೆಂದರೆ ಐ.ಟಿ.ಐ.ಯ ಫಿಟ್ಟರ್ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬನ ಮೊದಲ ವಾರಗಳನ್ನು ನೋಡಬೇಕು. ಅವನ ಕೈಗೆ ಕಂಪ್ಯೂಟರ್ ಚಾಲಿತ ಯಂತ್ರವನ್ನೇನೂ ಕೊಡುವುದಿಲ್ಲ. ಮೆದು ಉಕ್ಕಿನ ಒಂದು ತುಂಡು, ಮೇಜಿಗೆ ಬಿಗಿದ ವೈಸ್, ಒಂದು ಅರ. ವರ್ಕ್‌ಶಾಪಿನಲ್ಲಿ ಅರಕ್ಕೆ 'ಫೈಲ್' ಎನ್ನುತ್ತಾರೆ. ತುಂಡಿನ ಒಂದು ಮುಖವನ್ನು ಉಜ್ಜಿ ಸಮತಟ್ಟು ಮಾಡಬೇಕು, ಪಕ್ಕದ ಮುಖ ಅದಕ್ಕೆ ಸರಿಯಾಗಿ ಲಂಬವಾಗಿರಬೇಕು. ಇಷ್ಟೇ ಕೆಲಸ. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದಾಗ ನಡುವೆ ಎಲ್ಲೂ ಬೆಳಕು ತೂರಬಾರದು.

ಕೇಳಲು ಸುಲಭ. ಮೊದಲ ದಿನ ಉಜ್ಜಿದ ತುಂಡಿನಲ್ಲಿ ಮಾತ್ರ ನಡುಭಾಗ ಉಬ್ಬಿ, ಅಂಚುಗಳು ತಗ್ಗಿರುತ್ತವೆ. ಹೀಗೇಕೆ ಎಂಬುದಕ್ಕೆ ಉತ್ತರ ಶಾಲೆಯ ವಿಜ್ಞಾನ ಪುಸ್ತಕದಲ್ಲೇ ಇದೆ: ಸನ್ನೆಕೋಲಿನ ನಿಯಮ. ಉಕ್ಕಿನ ತುಂಡೇ ಆಧಾರ ಬಿಂದು, ಅರವೇ ಸನ್ನೆಕೋಲು. ಅರವನ್ನು ಮುಂದಕ್ಕೆ ತಳ್ಳಲು ಶುರುಮಾಡುವಾಗ ಅದರ ತುದಿ ಆಧಾರಕ್ಕೆ ಹತ್ತಿರ, ಹಿಡಿ ದೂರ. ತಳ್ಳಿ ಮುಗಿಯುವ ಹೊತ್ತಿಗೆ ಹಿಡಿ ಹತ್ತಿರ, ತುದಿ ದೂರ. ಎರಡೂ ಕೈಗಳು ಒಂದೇ ಸಮನೆ ಒತ್ತಿದರೆ ಅರ ತೊಟ್ಟಿಲಿನಂತೆ ತೂಗಿ ಅಂಚುಗಳನ್ನು ತಿಂದುಹಾಕುತ್ತದೆ. ಆದ್ದರಿಂದ ಮೊದಲು ತುದಿ ಹಿಡಿದ ಕೈ ಹೆಚ್ಚು ಒತ್ತಬೇಕು. ಅರ ಮುಂದೆ ಸಾಗಿದಂತೆ ಆ ಒತ್ತಡ ಮೆಲ್ಲಮೆಲ್ಲನೆ ಹಿಡಿಯ ಕೈಗೆ ದಾಟಬೇಕು. ಈ ನಿಯಮವನ್ನು ಪರೀಕ್ಷೆಯಲ್ಲಿ ಬರೆಯಲು ಐದು ನಿಮಿಷ ಸಾಕು. ಕೈಗೆ ಅದು ಇಳಿಯಲು ವಾರಗಟ್ಟಲೆ ಬೇಕು. ತಲೆಗೆ ತಿಳಿದದ್ದು ಕೈಗೆ ಇಳಿಯಲು ಹಿಡಿಯುವ ಆ ಕಾಲವೇ ತರಬೇತಿ.

ಅಳತೆಯ ಮಾತೂ ಹಾಗೆಯೇ. ಪಿ.ಯು. ಕಾಲೇಜಿನ ಪ್ರಯೋಗಾಲಯದಲ್ಲಿ ಸ್ಕ್ರೂ ಗೇಜ್ ಎನಿಸಿಕೊಳ್ಳುವ ಸಾಧನವೇ ವರ್ಕ್‌ಶಾಪಿನಲ್ಲಿ ಮೈಕ್ರೊಮೀಟರ್. ಅದು 0.01 ಮಿಲಿಮೀಟರ್‌ವರೆಗೆ ಅಳೆಯುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್. ಅಂದರೆ ಕೂದಲೆಳೆಯನ್ನು ಏಳಾಗಿ ಸೀಳಿದಾಗ ಬರುವ ಒಂದು ಪಾಲಿನಷ್ಟು ತಪ್ಪನ್ನೂ ಕುಶಲಕರ್ಮಿ ಹಿಡಿಯಬೇಕು. ಉಕ್ಕು ಬಿಸಿಯಾದರೆ ಹಿಗ್ಗುತ್ತದೆಂದು ಎಲ್ಲರೂ ಓದಿದ್ದೇವೆ. 100 ಮಿಲಿಮೀಟರ್ ಉದ್ದದ ಉಕ್ಕಿನ ತುಂಡು 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 0.012 ಮಿಲಿಮೀಟರ್ ಬೆಳೆಯುತ್ತದೆ. ಮೈಕ್ರೊಮೀಟರಿನ ಒಂದು ಗೆರೆಗಿಂತಲೂ ಹೆಚ್ಚು. ಲೇಥಿನಿಂದ ಆಗಷ್ಟೇ ತೆಗೆದ ಬಿಸಿ ತುಂಡನ್ನು ಅಳೆದು 'ಸರಿಯಾಗಿದೆ' ಎಂದವನ ಮಾಲು ತಣ್ಣಗಾದ ಮೇಲೆ ತಿರಸ್ಕೃತವಾಗುತ್ತದೆ. ಪಳಗಿದವನು ಕಾಯುತ್ತಾನೆ.

'ಈಗ ಎಲ್ಲವನ್ನೂ ಕಂಪ್ಯೂಟರ್ ಯಂತ್ರವೇ ಮಾಡುತ್ತದಲ್ಲ?' ಎಂದು ಕೇಳುವವರುಂಟು. ಯಂತ್ರ ಹೇಳಿದ್ದನ್ನು ಮಾಡುತ್ತದೆ, ತಪ್ಪನ್ನು ಹೇಳಿದರೆ ತಪ್ಪನ್ನೇ ಮಾಡುತ್ತದೆ. ಕತ್ತರಿಸುವ ಟೂಲ್ ಸವೆದಾಗ ಏಳುವ ಸದ್ದಿನ ವ್ಯತ್ಯಾಸ, ಲೋಹದ ಸುರುಳಿಯ ಬಣ್ಣ ಬದಲಾದರೆ ಅದರ ಅರ್ಥ, ತುಂಡನ್ನು ಬಿಗಿಯುವಾಗ ಎಷ್ಟು ಬಿಗಿಯಬೇಕೆಂಬ ಅಂದಾಜು, ಇವು ಅರ ಹಿಡಿದು ಬೆವರಿದ ಕೈಗೆ ಬೇಗ ಹತ್ತುತ್ತವೆ. ಬಟನ್ ಒತ್ತುವುದನ್ನು ವಾರದಲ್ಲಿ ಕಲಿಸಬಹುದು. ಯಂತ್ರ ನಿಂತಾಗ ಅದು ನಿಂತಿದ್ದೇಕೆ ಎಂದು ತಿಳಿಯುವುದನ್ನು ವಾರದಲ್ಲಿ ಕಲಿಸಲಾಗದು.

ಬೆಂಗಳೂರು ಕಲಿತದ್ದು ಹೇಗೆ?

ಇಂದು ಬೆಂಗಳೂರೆಂದರೆ ಸಾಫ್ಟ್‌ವೇರ್ ಎನ್ನುವುದು ರೂಢಿ. ಅದಕ್ಕಿಂತ ಬಹಳ ಮೊದಲೇ ಈ ಊರು ಲೋಹದ ಕೆಲಸಕ್ಕೆ ಹೆಸರಾಗಿತ್ತು. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಒಂದರ ಹಿಂದೊಂದು ಬಂದವು. ವಿಮಾನದ ಬಿಡಿಭಾಗವನ್ನೋ ಲೇಥ್ ಯಂತ್ರವನ್ನೋ ತಯಾರಿಸಬಲ್ಲ ಕೈಗಳು ಅಂದು ಸಿದ್ಧವಾಗಿ ಸಿಗುತ್ತಿರಲಿಲ್ಲ. ಹೀಗಾಗಿ ಈ ಕಾರ್ಖಾನೆಗಳು ತಮ್ಮ ಅಂಗಳದಲ್ಲೇ ತರಬೇತಿ ಕೇಂದ್ರಗಳನ್ನು ತೆರೆದು ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರನ್ನು ಸೇರಿಸಿಕೊಂಡು ವರ್ಷಗಟ್ಟಲೆ ತಿದ್ದಿದವು.

ದೇಶದ ಮಟ್ಟದಲ್ಲೂ ಅದೇ ಕಾಲದಲ್ಲಿ ಅಡಿಪಾಯ ಬಿದ್ದಿತು. ಇಂದಿನ ಐ.ಟಿ.ಐ.ಗಳಿಗೆ ಮೂಲವಾದ ಕುಶಲಕರ್ಮಿ ತರಬೇತಿ ಯೋಜನೆ ಆರಂಭವಾದದ್ದು 1950ರಲ್ಲಿ. ಕಾರ್ಖಾನೆಗಳು ಅಪ್ರೆಂಟಿಸರನ್ನು ತೆಗೆದುಕೊಂಡು ಕಲಿಸಬೇಕೆಂಬ ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಸ್ವಿಸ್ ನೆರವಿನಿಂದ 1959ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಹುಟ್ಟಿದ ಎನ್.ಟಿ.ಟಿ.ಎಫ್. ಮುಂದೆ ಬೆಂಗಳೂರಿನಲ್ಲೂ ನೆಲೆಯೂರಿತು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಎಲ್ಲರೂ ಕರೆಯುವ ಜಿ.ಟಿ.ಟಿ.ಸಿ., ಬೆಂಗಳೂರಿನಲ್ಲಿ ಆರಂಭವಾಯಿತು. ಈಗ ಅದರ ಶಾಖೆಗಳು ಹಲವು ಜಿಲ್ಲೆಗಳಲ್ಲಿವೆ.

ಇದರ ಫಲ ಆ ಕಾರ್ಖಾನೆಗಳ ಗೋಡೆಯೊಳಗೇ ಉಳಿಯಲಿಲ್ಲ. ಸರ್ಕಾರಿ ಕಾರ್ಖಾನೆಗಳಲ್ಲಿ ಕಲಿತವರಲ್ಲಿ ಅನೇಕರು ಹೊರಬಂದು ಪೀಣ್ಯ, ರಾಜಾಜಿನಗರಗಳಲ್ಲಿ ಒಂದೆರಡು ಲೇಥ್ ಹಾಕಿಕೊಂಡು ಸ್ವಂತ ಉದ್ಯಮ ಆರಂಭಿಸಿದರು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸಿದರು. ಎಚ್.ಎಂ.ಟಿ.ಯ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಾರ್ಖಾನೆಗೆ ಬೀಗ ಬೀಳಬಹುದು; ಅಲ್ಲಿ ಕಲಿತ ಕೈಗಳಿಗೆ ಬೀಗ ಬೀಳುವುದಿಲ್ಲ. ಆದರೆ ಅಂಥ ಕಾರ್ಖಾನೆಗಳು ಒಂದೊಂದಾಗಿ ಸೊರಗಿದಾಗ ಹೊಸಬರಿಗೆ ಕಲಿಸುವ ಪಾಠಶಾಲೆಗಳೂ ಸೊರಗಿದವು. ಆ ಜಾಗವನ್ನು ಯಾರು ತುಂಬಬೇಕು?

ಖರ್ಚು ಯಾರದು?

ಸಣ್ಣ ಉದ್ಯಮಿಯೊಬ್ಬನ ಲೆಕ್ಕ ನೋಡೋಣ. ಹತ್ತು ಜನರ ವರ್ಕ್‌ಶಾಪ್. ಹೊಸ ಹುಡುಗನಿಗೆ ಕಲಿಸಲು ಹಿರಿಯ ಕೆಲಸಗಾರನೊಬ್ಬ ದಿನಕ್ಕೆ ಎರಡು ಗಂಟೆ ಕೊಡಬೇಕು. ಹುಡುಗ ಒಂದಷ್ಟು ಮಾಲು ಕೆಡಿಸುತ್ತಾನೆ, ಟೂಲ್ ಮುರಿಯುತ್ತಾನೆ. ಒಂದೂವರೆ ವರ್ಷ ಕಳೆದು ಅವನ ಕೈ ಪಳಗುವ ಹೊತ್ತಿಗೆ ಪಕ್ಕದ ಬೀದಿಯವನು ಸ್ವಲ್ಪ ಹೆಚ್ಚು ಸಂಬಳ ಕೊಟ್ಟು ಕರೆದುಕೊಳ್ಳುತ್ತಾನೆ. ಕಲಿಸಿದವನಿಗೆ ನಷ್ಟ, ಕಲಿಸದವನಿಗೆ ಲಾಭ! ಹೀಗಾದಾಗ ಪ್ರತಿಯೊಬ್ಬನೂ 'ಬೇರೆಯವರು ಕಲಿಸಲಿ, ನಾನು ಕಲಿತವರನ್ನು ತೆಗೆದುಕೊಳ್ಳುತ್ತೇನೆ' ಎಂದು ಕಾಯುತ್ತಾನೆ. ಎಲ್ಲರೂ ಕಾಯುವುದರಿಂದ ಕಲಿತವರೇ ಇಲ್ಲವಾಗುತ್ತಾರೆ. ಗೇಟಿನ ಮೇಲಿನ ಫಲಕಗಳ ಹಿಂದಿರುವ ಒಂದು ಮುಖ್ಯ ಕಾರಣ ಇದು. ಇಲ್ಲಿ ಒಬ್ಬ ಉದ್ಯಮಿಯನ್ನು ದೂರಿ ಪ್ರಯೋಜನವಿಲ್ಲ. ಖರ್ಚನ್ನು ಎಲ್ಲರೂ ಹಂಚಿಕೊಳ್ಳುವ ಕಟ್ಟಳೆ ಬೇಕು.

ಈ ಗಂಟನ್ನು ಜರ್ಮನಿ ಬಿಡಿಸಿದ್ದು 'ದ್ವಿಮುಖ' ಪದ್ಧತಿಯಿಂದ. 1969ರ ಕಾಯ್ದೆಯ ಬಲವಿರುವ ಈ ಪದ್ಧತಿಯಲ್ಲಿ ಕಲಿಯುವವನು ವಾರದಲ್ಲಿ ಮೂರು-ನಾಲ್ಕು ದಿನ ಕಾರ್ಖಾನೆಯಲ್ಲಿ, ಉಳಿದ ಒಂದೆರಡು ದಿನ ವೃತ್ತಿಶಾಲೆಯಲ್ಲಿ ಇರುತ್ತಾನೆ. ಕಾರ್ಖಾನೆಗಳಲ್ಲಿ ಕಲಿಸುವ ವಾಡಿಕೆ ವ್ಯಾಪಕವಾಗಿರುವುದರಿಂದ, ಒಬ್ಬನ ಬಳಿ ಕಲಿತವನು ಇನ್ನೊಬ್ಬನಲ್ಲಿಗೆ ಹೋದರೂ ಒಟ್ಟಿನಲ್ಲಿ ಯಾರಿಗೂ ದೊಡ್ಡ ನಷ್ಟವಿಲ್ಲ.

ಜರ್ಮನಿ ಹಳೆಯ ಶ್ರೀಮಂತ ದೇಶ ಎನ್ನಬಹುದು. ನಮ್ಮಂತೆಯೇ ಬಡತನದಿಂದ ಎದ್ದ ದಕ್ಷಿಣ ಕೊರಿಯಾದ ಕಥೆ ನಮಗೆ ಇನ್ನೂ ಹತ್ತಿರದ್ದು. 1950ರಿಂದ 1953ರವರೆಗಿನ ಯುದ್ಧದಲ್ಲಿ ನುಚ್ಚುನೂರಾಗಿದ್ದ ಆ ದೇಶ 1960ರ ದಶಕದಲ್ಲಿ ರಫ್ತು ಮಾಡುತ್ತಿದ್ದುದು ಪ್ಲೈವುಡ್, ಸಿದ್ಧ ಉಡುಪು, ಕೃತಕ ಕೂದಲಿನ ಟೋಪನ್ನು. 1967ರಲ್ಲಿ ಅದು ವೃತ್ತಿ ತರಬೇತಿ ಕಾಯ್ದೆ ಮಾಡಿತು. 1973ರಲ್ಲಿ ಉಕ್ಕು, ಹಡಗು, ಯಂತ್ರಗಳಂಥ ಭಾರಿ ಉದ್ಯಮಗಳತ್ತ ಹೊರಳಿತು. 1976ರ ಇನ್ನೊಂದು ಕಾಯ್ದೆ ದೊಡ್ಡ ಕಾರ್ಖಾನೆಗಳ ಮುಂದೆ ಎರಡೇ ದಾರಿ ಇಟ್ಟಿತು: ಇಂತಿಷ್ಟು ಜನರಿಗೆ ತರಬೇತಿ ಕೊಡಿ, ಇಲ್ಲವೇ ಅದಕ್ಕಾಗಿ ಹಣ ಕಟ್ಟಿ. ಕಾದು ಕೂರುವ ಆಟ ಅಲ್ಲಿಗೆ ಮುಗಿಯಿತು.

ಕೊರಿಯಾ ಇನ್ನೊಂದು ಕೆಲಸವನ್ನೂ ಮಾಡಿತು. ಕೈಕೆಲಸಕ್ಕೆ ಮರ್ಯಾದೆ ಕೊಟ್ಟಿತು. ಯುವ ಕುಶಲಕರ್ಮಿಗಳಿಗಾಗಿ 1950ರಲ್ಲಿ ಸ್ಪೇನಿನಲ್ಲಿ ಆರಂಭವಾದ ಸ್ಪರ್ಧೆಯೇ ಈಗ 'ವರ್ಲ್ಡ್ ಸ್ಕಿಲ್ಸ್' ಎಂದು ಹೆಸರಾಗಿದೆ. 1977ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಕೊರಿಯಾ ಮೊದಲ ಬಾರಿ ಅಗ್ರಸ್ಥಾನ ಪಡೆದಾಗ ಗೆದ್ದುಬಂದ ಹುಡುಗರನ್ನು ಮೆರವಣಿಗೆಯಲ್ಲಿ ಕರೆದೊಯ್ಯಲಾಯಿತು. ವೆಲ್ಡಿಂಗ್, ಟರ್ನಿಂಗ್ ಬಲ್ಲ ಹುಡುಗರಿಗೆ ಮೆರವಣಿಗೆ! ನಮ್ಮಲ್ಲಿ ಕ್ರಿಕೆಟ್ ಆಟಗಾರರಿಗೆ ಸಿಗುವ ಮನ್ನಣೆ ಅದು.

ಆದರೆ ಅಲ್ಲಿನ ಕಥೆಯ ಇನ್ನೊಂದು ಅಧ್ಯಾಯವನ್ನೂ ಓದಬೇಕು. ಸಿರಿತನ ಬಂದ ಮೇಲೆ ಕೊರಿಯಾದ ತಂದೆತಾಯಿಗಳೂ ಮಕ್ಕಳಿಗೆ ಪದವಿಯೇ ಬೇಕೆಂದು ಪಟ್ಟುಹಿಡಿದರು. ಪ್ರೌಢಶಿಕ್ಷಣ ಮುಗಿಸಿದ ಹತ್ತು ಮಂದಿಯಲ್ಲಿ ಏಳಕ್ಕೂ ಹೆಚ್ಚು ಮಂದಿ ಕಾಲೇಜು ಸೇರುವಂತಾಗಿ, ಪದವೀಧರರಿಗೆ ತಕ್ಕ ಕೆಲಸ ಸಿಗುವುದು ಕಷ್ಟವಾಯಿತು. ಆಗ ಸರ್ಕಾರ 2010ರಲ್ಲಿ 'ಮೈಸ್ಟರ್' ಎಂಬ ಹೊಸ ವೃತ್ತಿಶಾಲೆಗಳನ್ನು ತೆರೆದು ಮಕ್ಕಳನ್ನು ಮತ್ತೆ ಕುಶಲತೆಯತ್ತ ಸೆಳೆಯಲು ಹೊರಟಿತು. ಕೈಕೆಲಸದ ಮರ್ಯಾದೆಯನ್ನು ಒಮ್ಮೆ ಗಳಿಸಿದರೆ ಸಾಲದು, ಉಳಿಸಿಕೊಳ್ಳಲೂಬೇಕು.

ನಾವು ಎಲ್ಲಿದ್ದೇವೆ?

ಕೇಂದ್ರ ಸರ್ಕಾರದ 2015ರ ಕೌಶಲ ನೀತಿಯಲ್ಲಿ ಒಂದು ಅಂಕಿ ಇದೆ. ಭಾರತದ ದುಡಿಯುವ ಜನರಲ್ಲಿ ಕ್ರಮಬದ್ಧ ತರಬೇತಿ ಪಡೆದವರು ಶೇಕಡಾ 4.69 ಮಾತ್ರ, ಜರ್ಮನಿಯಲ್ಲಿ ಶೇ. 75, ಜಪಾನಿನಲ್ಲಿ ಶೇ. 80, ದಕ್ಷಿಣ ಕೊರಿಯಾದಲ್ಲಿ ಶೇ. 96. ಇದನ್ನು ನೋಡಿ ನಮ್ಮವರಿಗೆ ಏನೂ ಬರುವುದಿಲ್ಲವೆಂದು ತಿಳಿಯುವುದು ತಪ್ಪು. ಗ್ಯಾರೇಜಿನಲ್ಲಿ ಉಸ್ತಾದನ ಕೈಕೆಳಗೆ ಸ್ಪ್ಯಾನರ್ ಕೊಡುತ್ತಾ ಎಂಜಿನ್ ಬಿಚ್ಚಲು ಕಲಿತವನು, ತಂದೆಯೊಡನೆ ಕುಲುಮೆಯಲ್ಲಿ ಕೂತು ಕಬ್ಬಿಣ ಬಗ್ಗಿಸಲು ಕಲಿತವನು, ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗು ಹಚ್ಚುವ ಹೆಣ್ಣುಮಗಳು, ಇವರಾರೂ ಆ 4.69ರಲ್ಲಿ ಇಲ್ಲ. ಕೆಲಸ ಗೊತ್ತು, ಕಾಗದ ಇಲ್ಲ. ಕಾಗದವಿಲ್ಲದ್ದರಿಂದ ಬ್ಯಾಂಕಿನ ಸಾಲವಾಗಲಿ, ದೊಡ್ಡ ಕಂಪನಿಯ ಕೆಲಸವಾಗಲಿ ಸುಲಭಕ್ಕೆ ಸಿಗದು. ಇಂಥವರ ಕೈಚಳಕವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2015ರಲ್ಲಿ ಬಂದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಸೇರಿತು. ಇದಕ್ಕೆ ವಿರುದ್ಧವಾದ ರೋಗವೂ ನಮ್ಮಲ್ಲಿದೆ: ಕಾಗದ ಉಂಟು, ಕೆಲಸ ಗೊತ್ತಿಲ್ಲ. ಮೊದಲನೆಯದಕ್ಕೆ ಪರೀಕ್ಷೆ ಸಾಕು. ಎರಡನೆಯದಕ್ಕೆ ಮತ್ತೆ ವೈಸಿನ ಮುಂದೆ ನಿಲ್ಲುವುದೊಂದೇ ಮದ್ದು.

ಸರ್ಕಾರಗಳು ಸುಮ್ಮನೆ ಕುಳಿತಿಲ್ಲ. ಅಪ್ರೆಂಟಿಸ್ ನಿಯಮಗಳನ್ನು 2019ರಲ್ಲಿ ತಿದ್ದಿ, 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆಂದು ವಿಧಿಸಲಾಯಿತು. ಕರ್ನಾಟಕದಲ್ಲಿ 150 ಸರ್ಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಹೊಸ ಯಂತ್ರಗಳೊಡನೆ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ದೇಶದ 1,000 ಸರ್ಕಾರಿ ಐ.ಟಿ.ಐ.ಗಳನ್ನು ಸುಧಾರಿಸಲು 60,000 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಖಾಸಗಿಯವರಲ್ಲೂ ಒಳ್ಳೆಯ ಮಾದರಿಗಳಿವೆ. ಬಿಡದಿಯಲ್ಲಿ ಟೊಯೊಟಾ ಕಂಪನಿ 2007ರಲ್ಲಿ ತೆರೆದ ತರಬೇತಿ ಶಾಲೆ ಹಳ್ಳಿಯ ಬಡ ಮಕ್ಕಳಿಗೆ ಊಟ-ವಸತಿಯೊಡನೆ ಕೆಲಸ ಕಲಿಸುತ್ತಾ ಬಂದಿದೆ.

ಆದರೂ ಒಂದು ಮಾತು ನೆನಪಿರಬೇಕು. ಹಣವಿದ್ದರೆ ಯಂತ್ರವನ್ನು ತಿಂಗಳುಗಳಲ್ಲಿ ತರಿಸಬಹುದು. ಅದರ ಮುಂದೆ ನಿಂತು ಹುಡುಗನ ಮೊಣಕೈ ಹಿಡಿದು 'ಹೀಗಲ್ಲ ಮಗು, ಹೀಗೆ' ಎನ್ನಬಲ್ಲ ಶಿಕ್ಷಕ ಸಿದ್ಧವಾಗಲು ಹತ್ತು ವರ್ಷ ಬೇಕು. ತರಬೇತಿ ಕೇಂದ್ರಗಳ ಹಣೆಬರಹ ನಿಂತಿರುವುದು ಈ ಎರಡನೆಯದರ ಮೇಲೆ.

ಪೋಷಕರು ನೋಡಬೇಕಾದದ್ದು

ಎಲ್ಲ ಐ.ಟಿ.ಐ.ಗಳೂ ಒಂದೇ ಅಲ್ಲ. ಬೋರ್ಡು, ಬ್ರೋಷರು ನೋಡಿ ಮಗನನ್ನೋ ಮಗಳನ್ನೋ ಸೇರಿಸಬಾರದು. ತರಗತಿ ನಡೆಯುವ ದಿನ ಒಳಗೆ ಹೋಗಿ ನೋಡಬೇಕು. ಲೇಥಿನ ಕೆಳಗೆ ಲೋಹದ ಸುರುಳಿಗಳು ಬಿದ್ದಿವೆಯೇ? ವೈಸಿನ ದವಡೆಗಳು ಸವೆದು ಹೊಳೆಯುತ್ತಿವೆಯೇ? ಹಾಗಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದರ್ಥ. ಯಂತ್ರದ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಹಾಗೆಯೇ ಇದ್ದು ಅದರ ಮೇಲೆ ಧೂಳು ಕೂತಿದ್ದರೆ ಬೇರೆ ಕಡೆ ವಿಚಾರಿಸುವುದು ಲೇಸು. ಕೇಂದ್ರ ಸರ್ಕಾರದ ಮಾನ್ಯತೆ ಸಂಸ್ಥೆಗೆ ಮಾತ್ರವಲ್ಲ, ಆಯ್ಕೆ ಮಾಡುವ ಟ್ರೇಡಿಗೂ ಇದೆಯೇ? ಕಳೆದ ವರ್ಷ ಮುಗಿಸಿದವರು ಎಲ್ಲಿ ಅಪ್ರೆಂಟಿಸ್ ಆದರು? ಈ ಪ್ರಶ್ನೆಗಳಿಗೆ ನೇರ ಉತ್ತರ ಬರಬೇಕು.

ಐ.ಟಿ.ಐ. ಸೇರಿದರೆ ಓದು ಅಲ್ಲಿಗೆ ಮುಗಿಯಿತೆಂಬ ಅಂಜಿಕೆಯೂ ಬೇಡ. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್‌ನಂಥ ಎರಡು ವರ್ಷದ ಟ್ರೇಡ್ ಮುಗಿಸಿದವರಿಗೆ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿ ಇದೆ. ಡಿಪ್ಲೊಮಾ ಮುಗಿಸಿ ಡಿ-ಸಿ.ಇ.ಟಿ. ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷದ ಬಾಗಿಲೂ ತೆರೆಯುತ್ತದೆ. ಈ ಹಾದಿಯಲ್ಲಿ ಬಂದ ಎಂಜಿನಿಯರಿಗೆ ನಕ್ಷೆಯ ಜೊತೆ ಲೋಹವೂ ಗೊತ್ತಿರುತ್ತದೆ. ಹೆಣ್ಣುಮಕ್ಕಳಿಗೂ ಇದು ತಕ್ಕ ಹಾದಿಯೇ. ಅಳತೆಗೆ ಬೇಕಾದ ತಾಳ್ಮೆಗೆ, ಕಣ್ಣಿನ ಚುರುಕಿಗೆ ಗಂಡು-ಹೆಣ್ಣೆಂಬ ಭೇದವಿಲ್ಲ.

ಹಾಗೆಂದು ಇದು ಹೂವಿನ ಹಾಸಿಗೆಯೆಂದು ಹೇಳುವುದೂ ಸರಿಯಲ್ಲ. ಆರಂಭದ ಸಂಬಳ ಕಡಿಮೆ. ಗುತ್ತಿಗೆಯ ಕೆಲಸಗಳೇ ಹೆಚ್ಚು. ಅಪ್ರೆಂಟಿಸ್ ಹೆಸರಿನಲ್ಲಿ ಹುಡುಗರಿಂದ ಗುಡಿಸುವ, ಸಾಮಾನು ಹೊರುವ ಕೆಲಸ ಮಾಡಿಸಿ ಕಳುಹಿಸುವವರೂ ಇದ್ದಾರೆ. ಆದ್ದರಿಂದ ಮೊದಲ ಕೆಲಸ ಹುಡುಕುವಾಗ 'ಎಷ್ಟು ಕೊಡುತ್ತಾರೆ' ಎಂಬ ಪ್ರಶ್ನೆಯ ಜೊತೆಗೆ 'ಏನು ಕಲಿಸುತ್ತಾರೆ' ಎಂದೂ ಕೇಳಬೇಕು. ಜೋಡಣೆಯ ಸಾಲಿನಲ್ಲಿ ನಿಂತು ದಿನವಿಡೀ ಒಂದೇ ಸ್ಕ್ರೂ ತಿರುಗಿಸುವ ಕೆಲಸಕ್ಕೆ ಇಂದು ಸಾವಿರ ರೂಪಾಯಿ ಹೆಚ್ಚು ಸಿಗಬಹುದು. ಮೂರು ವರ್ಷದ ನಂತರವೂ ಅದೇ ಸ್ಕ್ರೂ, ಹೆಚ್ಚುಕಡಿಮೆ ಅದೇ ಸಂಬಳ. ಡೈ ಮಾಡಲು, ಯಂತ್ರ ರಿಪೇರಿ ಮಾಡಲು ಕಲಿಸುವ ಜಾಗದಲ್ಲಿ ಮೊದಲ ವರ್ಷ ಕಷ್ಟ. ಮೂರನೇ ವರ್ಷಕ್ಕೆ ಆ ಕೈಯನ್ನು ಹುಡುಕಿಕೊಂಡು ಜನ ಬರುತ್ತಾರೆ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಮಕ್ಕಳಿಗೆ ಕಲಿಸುತ್ತೇವೆ. ನಮ್ಮ ಮಗುವಿನ ಕೈ ಮಾತ್ರ ಕೆಸರಾಗಬಾರದು ಎನ್ನುತ್ತೇವೆ. ದೇಶದ ಮಾನವ ಸಂಪನ್ಮೂಲ ಎಂಬ ದೊಡ್ಡ ಮಾತು ಕೊನೆಗೆ ಬಂದು ನಿಲ್ಲುವುದು ಇಂಥ ಮನೆಯ ಪಡಸಾಲೆಯಲ್ಲೇ. ಮುಂದಿನ ಫಲಿತಾಂಶದ ವಾರ ಮನೆಯಲ್ಲಿ ಐ.ಟಿ.ಐ.ಯ ಮಾತು ಬಂದಾಗ, ಆ 'ಆದರೂ' ಎಂಬ ಪದವೊಂದನ್ನು ಬಿಟ್ಟು ಮಾತನಾಡಿದರೆ ಅಷ್ಟರಮಟ್ಟಿಗೆ ಒಳ್ಳೆಯ ಆರಂಭವಾದೀತು.